ಉಪಕಾರಿಯ ಹೆಸರು



ಬೈಬಲಿನ ಆದಿಕಾಂಡದಲ್ಲಿ ಬರುವ ಯೋಸೇಫನ ಚರಿತ್ರೆಯನ್ನು ಬಲ್ಲವರು ಅವನ ಅಣ್ಣಂದಿರ ದ್ರೋಹವನ್ನು ಮರೆಯುವುದಿಲ್ಲ, ಐಗುಪ್ತದಲ್ಲಿ ಅವನ ಮೇಲೆ ಹೊರಿಸಲಾದ ಮಿಥ್ಯಾರೋಪವನ್ನೂ ಮರೆಯುವುದಿಲ್ಲ. ಆದರೆ ಅವೆರಡರಷ್ಟು ಘೋರವಲ್ಲದ, ಘೋರವಲ್ಲದುದರಿಂದಲೇ ನಮ್ಮ ನಿಮ್ಮ ನಿತ್ಯಜೀವನಕ್ಕೆ ಹೆಚ್ಚು ಸಮೀಪವಾದ ಮೂರನೆಯ ಅಪರಾಧವೊಂದು ಅದರಲ್ಲಿ ಉಂಟೆಂಬುದನ್ನು ಗಮನಿಸುವವರು ವಿರಳ. ಸೆರೆಮನೆಯಲ್ಲಿ ತನ್ನೊಡನಿದ್ದ ಅರಸನ ಪಾನದಾಯಕನ ಕನಸಿಗೆ ಯೋಸೇಫನು ಅರ್ಥವನ್ನು ಹೇಳಿ, ಮೂರು ದಿನಗಳೊಳಗೆ ನಿನಗೆ ಬಿಡುಗಡೆಯಾಗುವುದೆಂದು ಧೈರ್ಯವಿತ್ತು, ಅದಕ್ಕೆ ಪ್ರತಿಯಾಗಿ ಹೊನ್ನನ್ನಾಗಲಿ ಹೊಲವನ್ನಾಗಲಿ ಬೇಡದೆ, ಒಳ್ಳೆಯ ದಿನ ಬಂದಾಗ ಅರಸನ ಮುಂದೆ ನನ್ನ ಮಾತೆತ್ತು ಎಂಬುದಷ್ಟನ್ನೇ ಕೇಳಿಕೊಂಡನು. ಪಾನದಾಯಕನು ಬಿಡುಗಡೆ ಹೊಂದಿದನು, ಅರಸನ ಕೈಗೆ ಪಾತ್ರೆಯನ್ನೀಯುವ ಪದವಿಗೆ ಮರಳಿದನು, ಯೋಸೇಫನನ್ನು ಮರೆತನು. ಅವನಿಗೆ ಯೋಸೇಫನ ಮೇಲೆ ದ್ವೇಷವಿತ್ತೆಂದು ಗ್ರಂಥಕಾರನು ಹೇಳುವುದಿಲ್ಲ. ಮರೆತನು, ಅಷ್ಟೆ. ಆ ಮರೆವಿನ ಬೆಲೆಯನ್ನು ಯೋಸೇಫನು ಇನ್ನೂ ಎರಡು ತುಂಬು ವರ್ಷಗಳ ಸೆರೆವಾಸದಿಂದ ತೆತ್ತನು. ಆ ಮನುಷ್ಯನಿಗೆ ನೆನಪು ಮರಳಿದ್ದಾದರೂ, ಅರಸನಿಗೇ ಕನಸು ಬಿದ್ದು, ಅದರ ಅರ್ಥವನ್ನು ಬಿಡಿಸಬಲ್ಲವರು ಆಸ್ಥಾನದಲ್ಲಿ ಒಬ್ಬರೂ ಇಲ್ಲದೆ, ಸೆರೆಮನೆಯ ಆ ಹಳೆಯ ಪರಿಚಯವು ಪ್ರಯೋಜನಕ್ಕೆ ಬರುವ ಸಮಯ ಒದಗಿದಾಗ.

ಕೃತಘ್ನತೆಯೆಂದೊಡನೆ ಉಂಡ ಮನೆಯ ಗಳ ಎಣಿಸಿದವನೊಬ್ಬನ ಚಿತ್ರ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಅದು ನಾವಲ್ಲವೆಂದು ತಿಳಿದು ಸಮಾಧಾನಪಟ್ಟುಕೊಳ್ಳುತ್ತೇವೆ. ಅಂತಹವರು ಊರಿಗೆ ಒಬ್ಬರೋ ಇಬ್ಬರೋ ಇದ್ದಾರು. ಪಾನದಾಯಕನ ವರ್ಗಕ್ಕೆ ಸೇರಿದವರಾದರೋ ಓಣಿ ಓಣಿಯಲ್ಲಿಯೂ ಇದ್ದೇವೆ; ಕೊಪ್ಪಳದಲ್ಲಿಯೂ ಇದ್ದೇವೆ, ಗಂಗಾವತಿಯಲ್ಲಿಯೂ ಇದ್ದೇವೆ, ಕುಷ್ಟಗಿ ಯಲಬುರ್ಗಾಗಳ ಹಳ್ಳಿಗಳಲ್ಲಿಯೂ ಇದ್ದೇವೆ. ಕ್ರೈಸ್ತನಾದ ನಾನು ಈ ಹೊತ್ತು ವಿಶೇಷವಾಗಿ ನನ್ನ ಸಮಾಜದವರನ್ನುದ್ದೇಶಿಸಿ ಒಂದು ಮಾತನ್ನು ಹೇಳಬೇಕೆಂದಿದ್ದೇನೆ. ಉಳಿದವರು ಕೇಳಿಸಿಕೊಂಡು, ತಮಗೂ ಅನ್ವಯಿಸುವುದೆಂದು ತೋರಿದರೆ ಸ್ವೀಕರಿಸಬಹುದು. ದೇವರಿಗೆ ಸ್ತೋತ್ರ ಸಲ್ಲಿಸುವುದರಲ್ಲಿ ನಾವು ಯಾರಿಗೂ ಹಿಂದುಳಿದವರಲ್ಲ; ಆದರೆ ದೇವರಿಗೆ ಸಲ್ಲಿಸಿದ ಸ್ತೋತ್ರವನ್ನೇ ಮರೆಯನ್ನಾಗಿ ಮಾಡಿಕೊಂಡು ಮನುಷ್ಯರಿಗೆ ಸಲ್ಲಬೇಕಾದುದನ್ನು ಉಳಿಸಿಕೊಳ್ಳುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆದಿದೆ.

ಯಲಬುರ್ಗಾ ಭಾಗದ ಹಳ್ಳಿಯೊಂದರ ಮನೆಕೂಟದಲ್ಲಿ, ಕೆಲವು ವರ್ಷಗಳ ಹಿಂದೆ, ತರುಣನೊಬ್ಬನು ಸಾಕ್ಷಿ ಹೇಳಲು ಎದ್ದು ನಿಂತನು. ಹೊಲದಲ್ಲಿ ಹಾವು ಕಡಿದು, ರಾತ್ರೋರಾತ್ರಿ ಕೊಪ್ಪಳದ ಆಸ್ಪತ್ರೆಯನ್ನು ಸೇರಿ, ಬದುಕಿ ಬಂದವನು ಅವನು. ಕರ್ತನೇ ತನ್ನನ್ನು ಮರಣದ ಬಾಯಿಂದ ಬಿಡಿಸಿದನೆಂದು ಗದ್ಗದಿತನಾಗಿ ಹೇಳಿ ಕುಳಿತುಕೊಂಡನು. ಕೂಟದವರೆಲ್ಲ ಹಲ್ಲೆಲೂಯ ಹೇಳಿದರು. ಆಗ ಗೋಡೆಗೊರಗಿ ಕುಳಿತಿದ್ದ ಮುದುಕಿಯೊಬ್ಬಳು, "ಕರ್ತ ನಿನ್ನ ಉಳಿಸಿದ್ದು ಖರೇನ ಐತಪಾ. ಆದ್ರ ನಡುರಾತ್ರ್ಯಾಗ ಟಂಟಂ ಹೊಡಕೊಂಡು ನಿನ್ನ ಕೊಪ್ಪಳಕ್ಕ ಒಯ್ದಾಂವ ಮ್ಯಾಲಿನ ಓಣಿ ಸಾಬರ ಹುಡುಗ. ಅವನ ಮನೀಗೆ ಒಮ್ಮೆರ ಹೋಗಿ ಬಂದಿಯೇನು?" ಎಂದು ಕೇಳಿದಳು. ಕೆಲವರು ನಕ್ಕರು, ಸಭಾಪಾಲಕರು ನಗಲಿಲ್ಲ. ಅಂದು ಅವರು ಸಿದ್ಧಪಡಿಸಿಕೊಂಡು ಬಂದಿದ್ದ ಪ್ರಸಂಗದ ವಿಷಯವೇನೆಂಬುದು ಈಗ ನನಗೆ ನೆನಪಿಲ್ಲ.

ಮುದುಕಿಯ ಪ್ರಶ್ನೆಯನ್ನು ಭಕ್ತಿಗೆ ವಿರುದ್ಧವಾದುದೆಂದು ತಿಳಿಯುವವರು ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ ನೋಡಬೇಕು. ಸಮಾರ್ಯಕ್ಕೂ ಗಲಿಲಾಯಕ್ಕೂ ನಡುವಣ ಪ್ರದೇಶದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿಯೇ ನಿಂತು ಯೇಸುವನ್ನು ಕೂಗಿದರು. ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿರೆಂದು ಆತನು ಅಪ್ಪಣೆ ಕೊಟ್ಟನು. ಹೋಗುವ ದಾರಿಯಲ್ಲಿ ಹತ್ತು ಮಂದಿಯೂ ಶುದ್ಧರಾದರು. ಒಬ್ಬನು ಮಾತ್ರ ಹಿಂದಿರುಗಿ ಬಂದನು. ಈ ಕಥೆಯನ್ನು ಹೇಳುವ ನಾವು ಆ ಒಂಬತ್ತು ಮಂದಿಯನ್ನು ದುಷ್ಟರನ್ನಾಗಿ ಚಿತ್ರಿಸಿಬಿಡುತ್ತೇವೆ. ವಸ್ತುತಃ ಅವರು ಮಾಡಿದುದು ಆಜ್ಞಾಪಾಲನೆ. ಯಾಜಕರ ಬಳಿಗೆ ಹೋಗಿರೆಂದು ಅವರಿಗೆ ಅಪ್ಪಣೆಯಾಗಿತ್ತು, ಅವರು ಹೋದರು. ಮೋಶೆಯ ಧರ್ಮಶಾಸ್ತ್ರದಲ್ಲಿ ವಿಧಿಸಿರುವ ಶುದ್ಧೀಕರಣದ ಕಾಣಿಕೆಯನ್ನು ಸಲ್ಲಿಸಿ, ದೇವರನ್ನು ಕೊಂಡಾಡಿ, ಬಹುಕಾಲದಿಂದ ಕಾಣದಿದ್ದ ಹೆಂಡಿರು ಮಕ್ಕಳನ್ನು ಕಾಣಲು ಮನೆಗಳಿಗೆ ತೆರಳಿದರೆಂದು ಊಹಿಸುವುದರಲ್ಲಿ ತಪ್ಪೇನೂ ಇಲ್ಲ. ಧರ್ಮಾಚರಣೆಯಲ್ಲಿ ಅವರಿಂದ ಲೋಪವಾಗಲಿಲ್ಲ. ಆದರೂ ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನು. ದೇವರನ್ನು ಗಟ್ಟಿಯಾಗಿ ಕೊಂಡಾಡುತ್ತಲೇ ಹಿಂದಿರುಗಿ ಬಂದು ತನಗೆ ಉಪಕಾರ ಮಾಡಿದವನ ಪಾದಕ್ಕೂ ಎರಗಿದವನು, ಯೆಹೂದ್ಯರು ನೀರನ್ನೂ ಮುಟ್ಟದ ಸಮಾರ್ಯ ಜನಕ್ಕೆ ಸೇರಿದವನು. ಎರಡು ಋಣಗಳನ್ನೂ ಒಂದೇ ಉಸಿರಿನಲ್ಲಿ ಸಲ್ಲಿಸಿದ ಅವನಿಗೆ ಒಂದು ಇನ್ನೊಂದಕ್ಕೆ ಅಡ್ಡಿಯೆಂದು ತೋರಲಿಲ್ಲ.

ಕೃತಜ್ಞತೆಯನ್ನು ಕುರಿತು ಪ್ರಸಂಗ ಮಾಡುವವರೆಲ್ಲ ಈ ಕಥೆಯನ್ನು ಆರಿಸಿಕೊಳ್ಳುತ್ತಾರೆ. ನನಗೆ ಇದಕ್ಕಿಂತಲೂ ಪ್ರಿಯವಾದುದು ಹಳೆಯ ಒಡಂಬಡಿಕೆಯಲ್ಲಿರುವ ಬರ್ಜಿಲ್ಲೈ ಎಂಬ ಗಿಲ್ಯಾದಿನ ಮುದುಕನ ವೃತ್ತಾಂತ. ಎರಡನೆಯ ಸಮುವೇಲನ ಪುಸ್ತಕವನ್ನು ಓದಿದವರು ಬಲ್ಲರು: ಸ್ವಂತ ಮಗನಾದ ಅಬ್ಷಾಲೋಮನೇ ದಂಗೆಯೆದ್ದುದರಿಂದ ದಾವೀದನು ಯೆರೂಸಲೇಮನ್ನು ಬಿಟ್ಟು, ಬರಿಗಾಲಿನಲ್ಲಿ, ತಲೆಯ ಮೇಲೆ ಮುಸುಕೆಳೆದುಕೊಂಡು, ಅಳುತ್ತ ಗುಡ್ಡವನ್ನೇರಿ, ಯೊರ್ದನ್ ನದಿಯನ್ನು ದಾಟಿ ಮಹನಯಿಮೆಂಬ ಊರನ್ನು ಸೇರಿದನು. ಸೋಲುವ ಅರಸನ ಪಕ್ಷಕ್ಕೆ ನಿಲ್ಲುವುದು ಯಾವ ಕಾಲದಲ್ಲಿಯೂ ಲಾಭದ ವ್ಯವಹಾರವಲ್ಲ. ಆಗ ಎಂಬತ್ತು ವರ್ಷದ ಬರ್ಜಿಲ್ಲೈಯೂ ಇನ್ನಿಬ್ಬರೂ ಅರಸನಿಗೂ ಅವನ ಜನರಿಗೂ ಬೇಕಾದುದನ್ನು ಹೊರಿಸಿಕೊಂಡು ಬಂದರು. ಏನೇನು ತಂದರೆಂಬುದನ್ನು ಪವಿತ್ರಗ್ರಂಥವು ಕಿರಾಣಿ ಅಂಗಡಿಯ ಚೀಟಿಯಂತೆ ಒಂದೊಂದಾಗಿ ಬರೆದಿಟ್ಟಿದೆ: ಹಾಸಿಗೆಗಳು, ಬೋಗುಣಿಗಳು, ಮಣ್ಣಿನ ಗಡಿಗೆಗಳು, ಗೋಧಿ, ಜವೆಗೋಧಿ, ಹಿಟ್ಟು, ಹುರಿಗಾಳು, ಅವರೆ, ಚನ್ನಂಗಿಬೇಳೆ, ಜೇನು, ಬೆಣ್ಣೆ, ಕುರಿಗಳು. ಕಾಡಿನಲ್ಲಿ ಜನರು ಹಸಿದು, ದಣಿದು, ಬಾಯಾರಿರಬಹುದೆಂದು ಅವರು ಆಲೋಚಿಸಿದರಂತೆ. ಹಾಸಿಗೆಯ ಯೋಚನೆ ಬಂದುದನ್ನು ಗಮನಿಸಬೇಕು. ಊಟದ ವಿಚಾರ ಯಾರಿಗೂ ಹೊಳೆಯುತ್ತದೆ. ಓಡಿಬಂದವರು ರಾತ್ರಿ ಎಲ್ಲಿ ಮೈ ಚಾಚುವರೆಂಬುದು ಸ್ವತಃ ಕಷ್ಟವುಂಡ ಗೃಹಸ್ಥನಿಗೆ ಮಾತ್ರ ಹೊಳೆಯುವ ವಿಚಾರ.

ಯುದ್ಧ ಮುಗಿದು ದಾವೀದನು ರಾಜಧಾನಿಗೆ ಮರಳುವಾಗ ಈ ಮುದುಕನನ್ನು ತನ್ನೊಡನೆ ಬಾ, ಅರಮನೆಯಲ್ಲಿಯೇ ನಿನ್ನನ್ನು ಪೋಷಿಸುವೆನೆಂದು ಕರೆದನು. ಬರ್ಜಿಲ್ಲೈ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಉಂಡುದರ ರುಚಿ ನಾಲಗೆಗೆ ತಿಳಿಯದು, ಹಾಡುವವರ ಸ್ವರ ಕಿವಿಗೆ ಬೀಳದು, ಅರಸನಿಗೆ ನಾನೇಕೆ ಹೊರೆಯಾಗಲಿ, ನನ್ನ ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಸಾಯುವೆನು ಎಂದು ವಿನಯದಿಂದ ಹೇಳಿ, ಕಿಮ್ಹಾಮನೆಂಬ ತರುಣನನ್ನು ತನಗೆ ಬದಲಾಗಿ ಕಳುಹಿಸಿಕೊಟ್ಟನು. ಕಥೆ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ವರ್ಷಗಳು ಕಳೆದು, ಮರಣಶಯ್ಯೆಯಲ್ಲಿ ಸೊಲೊಮೋನನಿಗೆ ರಾಜ್ಯದ ಮರ್ಮಗಳನ್ನು ತಿಳಿಸುವಾಗ, ಯಾರನ್ನು ನಂಬಬಾರದು ಯಾರನ್ನು ದಂಡಿಸಬೇಕು ಎಂಬ ಕಠೋರವಾದ ಮಾತುಗಳ ನಡುವೆ, ಬರ್ಜಿಲ್ಲೈಯ ಮಕ್ಕಳು ನಿನ್ನ ಪಂಕ್ತಿಯಲ್ಲಿ ಉಣ್ಣಲಿ ಎಂಬ ಅಪ್ಪಣೆಯನ್ನೂ ದಾವೀದನು ಕೊಟ್ಟನು. ಅಲ್ಲಿಂದ ಸುಮಾರು ನಾಲ್ಕು ಶತಮಾನಗಳ ತರುವಾಯ, ಯೆರೂಸಲೇಮು ಹಾಳಾಗಿ, ಅಳಿದುಳಿದ ಜನರು ಐಗುಪ್ತದ ದಾರಿ ಹಿಡಿದಾಗ, ಬೇತ್ಲೆಹೇಮಿನ ಸಮೀಪದಲ್ಲಿ ಕಿಮ್ಹಾಮನ ಹೆಸರಿನ ಛತ್ರವೊಂದರಲ್ಲಿ ಅವರು ಇಳಿದುಕೊಂಡರೆಂದು ಯೆರೆಮೀಯನ ಗ್ರಂಥದಲ್ಲಿ ಒಂದು ಪಂಕ್ತಿ ಬರುತ್ತದೆ. ದಾವೀದನು ತನ್ನ ಹುಟ್ಟೂರಿನ ಭೂಮಿಯಲ್ಲಿಯೇ ಒಂದು ಭಾಗವನ್ನು ಆ ತರುಣನಿಗೆ ಕೊಟ್ಟಿದ್ದಿರಬೇಕೆಂದು ವ್ಯಾಖ್ಯಾನಕಾರರು ಊಹಿಸುತ್ತಾರೆ. ಊಹೆ ನಿಜವಾಗಿದ್ದರೆ, ಓಡಿಬಂದ ಅರಸನಿಗೆ ಹಾಸಿಗೆ ತಂದುಕೊಟ್ಟವನ ಮನೆತನದ ಹೆಸರಿನಲ್ಲಿ, ಓಡಿಹೋಗುತ್ತಿದ್ದ ಜನರಿಗೆ ತಂಗಲು ನೆಲೆ ದೊರೆಯಿತು.

ಉಪಕಾರ ಮಾಡಿದವನು ಅದನ್ನು ಮರೆಯಬೇಕು, ಉಪಕಾರ ಹೊಂದಿದವನು ಅದನ್ನು ನೆನೆಯಬೇಕು. ಬಲಗೈ ಮಾಡಿದ ಧರ್ಮವನ್ನು ಎಡಗೈಗೆ ತಿಳಿಸಬಾರದೆಂದು ಯೇಸು ಬೋಧಿಸಿದುದು ಕೊಡುವವನಿಗೇ ಹೊರತು ಪಡೆಯುವವನಿಗಲ್ಲ. ನಾವು ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ್ದೇವೆ. ದೇವಾಲಯಕ್ಕೆ ಪಂಖವೊಂದನ್ನು ಕೊಟ್ಟವರು ಅದರ ರೆಕ್ಕೆಗಳ ಮೇಲೆ ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಬರೆಸುತ್ತಾರೆ. ಪಂಖ ತಿರುಗುವಷ್ಟು ಹೊತ್ತು ಯಾರಿಗೂ ಓದಲು ಬರುವುದಿಲ್ಲವೆಂಬುದೊಂದೇ ಅದರಲ್ಲಿರುವ ಸಮಾಧಾನ. ಪಡೆದವರಾದರೋ ಹೆಸರು ಹೇಳುವುದರಲ್ಲಿ ಕಡುಲೋಭಿಗಳು.

ಈ ನಾಡಿನ ಒಕ್ಕಲುಮಕ್ಕಳಲ್ಲಿ ಮುಯ್ಯಿಯೆಂಬ ಪದ್ಧತಿ ಹಿಂದಿನಿಂದ ನಡೆದು ಬಂದಿದೆ. ನಮ್ಮ ಹೊಲದ ಕಳೆಗೆ ನಿಮ್ಮ ಮನೆಯವರು ಬಂದರೆ, ನಿಮ್ಮ ಹೊಲದ ಕಟಾವಿಗೆ ನಮ್ಮ ಮನೆಯವರು ಬರತಕ್ಕದ್ದು; ನಮ್ಮ ಮದುವೆಯಲ್ಲಿ ನೀವು ಆಯೇರಿ ಮಾಡಿದ್ದರೆ, ಅದನ್ನು ವಹಿಯಲ್ಲಿ ಬರೆದಿಟ್ಟುಕೊಂಡು, ನಿಮ್ಮ ಮನೆಯ ಮದುವೆಗೆ ಅದಕ್ಕೆ ಕಡಮೆಯಾಗದಂತೆ ನಾವು ಒಯ್ಯತಕ್ಕದ್ದು. ಇದನ್ನು ವ್ಯಾಪಾರವೆಂದು ಹಳಿಯುವವರೊಡನೆ ನಾನು ಸೇರಲಾರೆ. ಬಡ ಊರುಗಳನ್ನು ಎಷ್ಟೋ ಬರಗಾಲಗಳಲ್ಲಿ ದಾಟಿಸಿದುದು ಈ ಲೆಕ್ಕವೇ. ಆದರೆ ಮುಯ್ಯಿ ತೀರಿಸಲು ಸಾಧ್ಯವಿಲ್ಲದ ಉಪಕಾರವನ್ನು ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಔತಣ ಮಾಡುವಾಗ ತಿರುಗಿ ಕರೆಯಬಲ್ಲ ನೆರೆಹೊರೆಯ ಶ್ರೀಮಂತರನ್ನು ಬಿಟ್ಟು, ಕುಂಟರನ್ನೂ ಕುರುಡರನ್ನೂ ಬಡವರನ್ನೂ ಕರೆಯೆಂದು ಯೇಸು ಒಬ್ಬ ಫರಿಸಾಯನ ಮನೆಯಲ್ಲಿ ಉಣ್ಣುತ್ತಲೇ ಹೇಳಿದನಷ್ಟೆ. ಹಾಗೆ ಕರೆಸಿಕೊಂಡ ಕುಂಟನು ಉಂಡೆದ್ದ ಮೇಲೆ ಏನು ಮಾಡಬೇಕು? ಅವನ ಕೈಯಲ್ಲಿ ಕೊಡಲು ಏನೂ ಇಲ್ಲ. ಅವನು ಮಾಡಬಹುದಾದುದು, ಇಂಥವರ ಮನೆಯಲ್ಲಿ ಉಂಡೆನೆಂದು ನಾಲ್ಕು ಜನರ ಮುಂದೆ ಹೇಳುವುದು. ಅದು ಅಲ್ಪವೆಂದು ತೋರಬಹುದು; ಆದರೆ ಸ್ವಾಭಿಮಾನಿಯಾದವನಿಗೆ ಅದಕ್ಕಿಂತ ಕಠಿನವಾದುದು ಮತ್ತೊಂದಿಲ್ಲ. ಡೇರೆ ಹೊಲಿದು ಸ್ವಂತ ದುಡಿಮೆಯಿಂದ ಉಣ್ಣುತ್ತಿದ್ದ ಪೌಲನಂತಹ ಬಿಗುಮಾನದ ಮನುಷ್ಯನೂ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಎಷ್ಟು ತೊಳಲಾಡುತ್ತಾನೆ, ನೋಡಿ. ನನಗೆ ಕೊರತೆಯೇನೂ ಇರಲಿಲ್ಲ, ಇದ್ದುದರಲ್ಲಿ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎಂದು ಒಂದು ಕಡೆ ಹೇಳುತ್ತಾನೆ. ಆದರೂ ನೀವು ಕಳುಹಿಸಿದುದು ಒಳ್ಳೆಯದಾಯಿತೆಂದು ಮರುಕ್ಷಣವೇ ಒಪ್ಪಿಕೊಳ್ಳುತ್ತಾನೆ. ಮಕೆದೋನ್ಯವನ್ನು ಬಿಟ್ಟು ಹೊರಟಾಗ ನಿಮ್ಮ ಹೊರತು ಬೇರೊಂದು ಸಭೆಯೂ ಕೈಹಿಡಿಯಲಿಲ್ಲ, ತೆಸಲೋನಿಕದಲ್ಲಿದ್ದಾಗಲೂ ಒಂದೆರಡು ಸಲ ನೀವೇ ಕಳುಹಿಸಿದಿರಿ ಎಂದು ವಹಿ ತೆರೆದು ಓದಿದಂತೆ ಸ್ಥಳಸಹಿತವಾಗಿ ಹೇಳುತ್ತಾನೆ. ಆ ದ್ರವ್ಯವನ್ನು ಹೊತ್ತು ತಂದು, ಕಾಯಿಲೆ ಬಿದ್ದು, ಸಾಯುವಂತಾಗಿ ಬದುಕಿದ ಎಪಫ್ರೊದೀತನನ್ನು ಸನ್ಮಾನಿಸಿರೆಂದು ಹೆಸರು ಹಿಡಿದು ಬರೆಯುತ್ತಾನೆ.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. ಒಂದೇ ಜಿಲ್ಲೆಯಲ್ಲಿ ಎರಡು ಲೋಕಗಳನ್ನು ನೋಡಬೇಕೆನ್ನುವವರು ಕುಷ್ಟಗಿಯಲ್ಲಿ ಬಸ್ಸು ಹತ್ತಿ ಗಂಗಾವತಿಯಲ್ಲಿ ಇಳಿಯಬೇಕು. ಅಲ್ಲಿ ಮುಗಿಲನ್ನು ನೋಡುವ ಜೋಳ, ಸಜ್ಜೆ, ಹುರುಳಿಗಳ ಬೆದ್ದಲು. ಇಲ್ಲಿ ಕಣ್ಣು ಹರಿಯುವಷ್ಟು ದೂರ ನೆಲ್ಲಿನ ಗದ್ದೆ, ಸಾಲುಸಾಲು ಅಕ್ಕಿಯ ಗಿರಣಿಗಳು. ಈ ಹಸುರಿಗೆ ಕಾರಣ ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರವರಿಯಲ್ಲಿ, ನದಿಯ ಈ ದಡ ನಿಜಾಮರದಾಗಿ ಆ ದಡ ಮದರಾಸು ಸರ್ಕಾರದ್ದಾಗಿದ್ದ ಕಾಲದಲ್ಲಿ, ಎರಡು ಸರ್ಕಾರಗಳೂ ಸೇರಿ ಅದಕ್ಕೆ ಅಸ್ತಿಭಾರವನ್ನಿಟ್ಟವು. 1953ರಲ್ಲಿ ಕಾಲುವೆಗೆ ನೀರು ಬಂದಿತು. ಕಲ್ಲು, ಸುಣ್ಣ, ಸುರ್ಕಿಗಳ ಗಾರೆಯಿಂದ ಎದ್ದ ಆ ಗೋಡೆಯ ಹಿಂದೆ ಸುಮಾರು 90 ಹಳ್ಳಿಗಳು ಮುಳುಗಿದವು, 50,000ಕ್ಕೂ ಮೀರಿದ ಜನರು ಮನೆಮಠಗಳನ್ನು ಬಿಟ್ಟು ಎದ್ದರು. ನಾರಾಯಣದೇವರಕೆರೆಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದುದನ್ನು ಆ ಕಡೆಯವರು ಇನ್ನೂ ಹೇಳುತ್ತಾರೆ; ಉಳಿದ ಎಷ್ಟೋ ಊರುಗಳ ಹೆಸರುಗಳನ್ನು ಅವುಗಳ ನೀರುಂಡ ನಾವು ಕೇಳಿಯೂ ಅರಿಯೆವು. ಆಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು, ಜಾಲಿಯ ಕಂಟಿಗಳನ್ನು ಕಡಿದು ಮಡಿಗಳನ್ನು ಮಾಡಿದ ರೈತರುಂಟು. ಕುಷ್ಟಗಿ ಯಲಬುರ್ಗಾಗಳಿಂದ ಗುಳೆ ಬಂದು, ಮೊಳಕಾಲುದ್ದದ ಕೆಸರಿನಲ್ಲಿ ಬಾಗಿ ಸಸಿ ಹಚ್ಚಿ ಹೋಗುವ ಹೆಣ್ಣಾಳುಗಳುಂಟು.

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿಯನ್ನು ಈ ಭಾಗದ ರೈತರು ಮರೆತಿರಲಾರರು. ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಣಿ ಕಡಿದು, ಗೇಟೇ ಕೊಚ್ಚಿಹೋಗಿ, ತುಂಬಿ ತುಳುಕುತ್ತಿದ್ದ ಜಲಾಶಯದ ನೀರು ಕಣ್ಣೆದುರಿಗೆ ಹರಿದುಹೋಗತೊಡಗಿತು. ನಾಟಿ ಮಾಡಿದ ಪೈರು ನೀರಿಲ್ಲದೆ ಒಣಗುವುದೋ ಎಂಬ ಭಯದಲ್ಲಿ ಜನ ದಿನಗಳನ್ನು ಎಣಿಸಿದರು. ಗೇಟುಗಳ ತಜ್ಞರಾದ ಕನ್ನಯ್ಯನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಇಳಿಬಿಟ್ಟು, ಒಂದು ವಾರದೊಳಗೆ ಪ್ರವಾಹವನ್ನು ನಿಲ್ಲಿಸಲಾಯಿತು. ಮುಂದೆ ಮಳೆಯೂ ಬಂದು ಜಲಾಶಯ ಮತ್ತೆ ತುಂಬಿತು. ಆ ವರ್ಷ ನಮ್ಮ ಸಭೆಗಳಲ್ಲಿ ದೇವರಿಗೆ ಸಲ್ಲಿಸಿದ ಸ್ತೋತ್ರಗಳನ್ನು ನಾನು ಕೇಳಿದ್ದೇನೆ. ಅವು ಹೃದಯದಿಂದ ಬಂದವುಗಳೆಂಬುದರಲ್ಲಿ ಸಂದೇಹವಿಲ್ಲ. ಸರ್ಕಾರವೂ ಜಲಾಶಯಕ್ಕೆ ಬಾಗಿನವನ್ನರ್ಪಿಸಿದಾಗ ಕೆಲಸ ಮಾಡಿದವರನ್ನು ಗೌರವಿಸಿತು. ಆದರೆ ನೀರಿನ ಭೋರ್ಗರೆತದ ಮೇಲೆ ಹಗ್ಗ ಕಟ್ಟಿಕೊಂಡು ಇಳಿದು, ಉಕ್ಕಿನ ತುಂಡು ತನ್ನ ಸ್ಥಾನದಲ್ಲಿ ಸರಿಯಾಗಿ ಕೂರುವಂತೆ ಮಾಡಿದ ಕಾರ್ಮಿಕರಲ್ಲಿ ಒಬ್ಬನ ಹೆಸರನ್ನಾದರೂ ಹೇಳಿರೆಂದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ನಾನಂತೂ ಹೇಳಲಾರೆ.

ನಮ್ಮ ಸಮಾಜದ ಋಣಗಳಲ್ಲಿ ಇನ್ನೊಂದು ಬಗೆಯುಂಟು. ಈ ಸೀಮೆಯಲ್ಲಿ ಕ್ರೈಸ್ತರು ಕೆಲವೇ ಮಂದಿ. ಕೆಲವೇ ಮಂದಿಯಾದವರು ಬದುಕಬೇಕಾದರೆ ಬಹುಮಂದಿಯ ಸೌಜನ್ಯ ಬೇಕು. ಕುಷ್ಟಗಿಗೆ ನೆರೆಯಾದ ಮುದಗಲ್ಲಿನ ಕಥೋಲಿಕ ಸಭೆಯು ಹದಿನಾರನೆಯ ಶತಮಾನದಿಂದ ನಡೆದುಬಂದುದೆಂದು ಪ್ರಸಿದ್ಧಿ. ಅದು ಉಳಿದುದು ಪೋರ್ತುಗೀಜರ ಫಿರಂಗಿಗಳ ನೆರಳಿನಲ್ಲಿ ಅಲ್ಲ, ವಿಜಾಪುರದ ಮತ್ತು ಆಮೇಲಿನ ಮುಸಲ್ಮಾನ ದೊರೆಗಳ ಆಳ್ವಿಕೆಯಲ್ಲಿ, ನೆರೆಹೊರೆಯ ಲಿಂಗವಂತರ, ಕುರುಬರ, ಬೇಡರ ನಡುವೆ. ಇನ್ನು ನಾವು ಪ್ರತಿ ಭಾನುವಾರ ಕೈಯಲ್ಲಿ ಹಿಡಿದುಕೊಂಡು ಹೋಗುವ ಕನ್ನಡ ಬೈಬಲಿನ ಮಾತು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಅ ಆ ಇ ಈಯಿಂದ ಕಲಿತರು. ಅವರೂ ಅವರ ಸಂಗಡಿಗರಾದ ವಿಲಿಯಂ ರೀವ್ ಅವರೂ ವರ್ಷಗಟ್ಟಲೆ ಶ್ರಮಿಸಿದುದರ ಫಲವಾಗಿ 1831ರ ಹೊತ್ತಿಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಅವರ ಋಣವನ್ನು ನಾವು ನೆನೆಯುತ್ತೇವೆ, ನೆನೆಯತಕ್ಕದ್ದೇ. ಆದರೆ ಹ್ಯಾಂಡ್ಸ್ ಸಾಹೇಬರಿಗೆ ಕನ್ನಡವನ್ನು ಕಲಿಸಿದವರು ಯಾರು? ಪ್ರವಾದಿಗಳ ವಾಕ್ಯಕ್ಕೆ ಯಾವ ಕನ್ನಡ ಮಾತು ಒಪ್ಪುವುದೆಂದು ಪಕ್ಕದಲ್ಲಿ ಕುಳಿತು ತಿದ್ದಿದ ಮುನಶಿಗಳು, ಪಂಡಿತರು, ಶಾಸ್ತ್ರಿಗಳು. ಅವರು ಕ್ರೈಸ್ತರಲ್ಲ, ತಮಗೆ ಬೇಡವಾದ ಮತದ ಗ್ರಂಥಕ್ಕೆ ತಮ್ಮ ಮನೆಯ ನುಡಿಯನ್ನು ಕೊಟ್ಟವರು, ಸಂಬಳಕ್ಕಾಗಿಯೇ ಕೊಟ್ಟರೆನ್ನಿ, ನುಡಿ ಅವರದೇ. ನಮ್ಮ ಬೈಬಲಿನ ಮುಖಪತ್ರದಲ್ಲಿ ಅವರ ಹೆಸರಿಲ್ಲ.

ಇದಕ್ಕೆ ಪ್ರತಿಯಾಗಿ, ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟೆಲ್ಲರು ತಮ್ಮ ಕನ್ನಡ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದುದಕ್ಕೆ ಕನ್ನಡಿಗರು ಸಲ್ಲಿಸಿರುವ ಕೃತಜ್ಞತೆಯನ್ನು ನೋಡಿದರೆ ನನಗೆ ನಾಚಿಕೆಯಾಗುತ್ತದೆ. ಅವರು ಪಾದ್ರಿಗಳೆಂದಾಗಲಿ ಜರ್ಮನರೆಂದಾಗಲಿ ಯಾರೂ ಅವರನ್ನು ದೂರವಿಡಲಿಲ್ಲ. ಶಾಲೆಯ ಹುಡುಗನೂ ಅವರ ಹೆಸರನ್ನು ಬಲ್ಲ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಂಟು, ಬೆಂಗಳೂರಿನಲ್ಲಿ ಪ್ರತಿಮೆಯುಂಟು. ಯಲಬುರ್ಗಾ ಕುಕನೂರುಗಳ ಕಡೆಯ ಹಿರಿಯರು ಬೆಟಗೇರಿಯ ಮಿಶನ್ ದವಾಖಾನೆಯನ್ನು ಕುರಿತು ಮಾತನಾಡುವುದನ್ನು ನೀವೂ ಕೇಳಿರಬಹುದು. ತಮ್ಮ ಹೆರಿಗೆಯಲ್ಲಿ ರಾತ್ರಿಯೆಲ್ಲ ಕೂತಿದ್ದ ಸಿಸ್ಟರಮ್ಮನ ಹೆಸರನ್ನು, ಉಚ್ಚಾರ ತುಸು ಕೆಟ್ಟರೂ, ಮೊಮ್ಮಕ್ಕಳಿಗೆ ಹೇಳುವ ಅಜ್ಜಿಯರಿದ್ದಾರೆ. ಅನ್ಯಧರ್ಮದ ಉಪಕಾರಿಯನ್ನು ಹೆಸರು ಹಿಡಿದು ನೆನೆಯುವ ವಿಷಯದಲ್ಲಿ ನಮ್ಮ ನೆರೆಯವರು ನಮಗಿಂತ ಒಳ್ಳೆಯ ಕ್ರೈಸ್ತರು ಎಂದರೆ ಅವರು ನಗಬಹುದು, ನಾವು ಮುನಿಯಬಹುದು, ಮಾತು ನಿಜವಾದುದು.

ಕೊಪ್ಪಳದ ಗವಿಮಠದ ಜಾತ್ರೆ ನಿಮಗೆಲ್ಲ ಪರಿಚಿತವಾದುದು. ಜನವರಿಯಲ್ಲಿ ಮಠದ ಗುಡ್ಡದ ಬುಡದಲ್ಲಿ ನಡೆಯುವ ದಾಸೋಹಕ್ಕೆ ಸುತ್ತಣ ಹಳ್ಳಿಗಳ ಹೆಂಗಸರು ಮನೆಮನೆಯಲ್ಲಿ ಬಡಿದ ರೊಟ್ಟಿಗಳು ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆಯಾಗಿ ಬಂದು ಬೀಳುತ್ತವೆ. ಆ ಮಠವು ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನವನ್ನೂ ವಸತಿಯನ್ನೂ ಕೊಡುತ್ತದೆ. 2021ರಲ್ಲಿ ಕೊರೋನಾ ಉಲ್ಬಣಿಸಿದಾಗ ರೋಗಿಗಳಿಗಾಗಿ ತನ್ನ ಕಟ್ಟಡವನ್ನೇ ಬಿಟ್ಟುಕೊಟ್ಟಿತು. ಅದರ ದಾಸೋಹದ ಪಂಕ್ತಿಯಲ್ಲಿ ನಾನೂ ಕುಳಿತು ಉಂಡಿದ್ದೇನೆ. ಅಲ್ಲಿ ಉಂಡು ಬಂದುದನ್ನು ಸಭೆಯಲ್ಲಿ ಹೇಳಬಹುದೇ ಎಂದು ನನ್ನನ್ನು ಗುಟ್ಟಾಗಿ ಕೇಳಿದ ಸಹವಿಶ್ವಾಸಿಯೊಬ್ಬರಿದ್ದಾರೆ. ಸಮಾರ್ಯದವನ ಕಥೆಯನ್ನು ನೂರು ಸಲ ಕೇಳಿದ ಮೇಲೆಯೂ ಈ ಪ್ರಶ್ನೆ ಹುಟ್ಟುವುದಾದರೆ, ಪ್ರಸಂಗ ಮಾಡುವವರು ನೂರೊಂದನೆಯ ಸಲ ಬೇರೊಂದು ರೀತಿಯಲ್ಲಿ ಹೇಳಬೇಕಾದೀತು. ತನ್ನ ದೇವರನ್ನು ಬಿಟ್ಟುಕೊಡದೆ ಇನ್ನೊಬ್ಬರ ಅನ್ನದ ಋಣವನ್ನು ಒಪ್ಪಿಕೊಳ್ಳುವುದು ಸಾಧ್ಯವಿಲ್ಲದಿದ್ದರೆ, ಅನ್ಯಜನಾಂಗದ ವಿಧವೆಯ ಮನೆಯಲ್ಲಿ ಹಿಟ್ಟಿನ ರೊಟ್ಟಿಯನ್ನುಂಡ ಪ್ರವಾದಿ ಎಲೀಯನ ಗತಿಯೇನು?

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯು ಕ್ರೈಸ್ತಧರ್ಮದ ತತ್ತ್ವವಿಚಾರದಲ್ಲಿ ಅತ್ಯಂತ ಗಹನವಾದುದು. ಅದರ ಕೊನೆಯ ಅಧ್ಯಾಯವನ್ನು ಆರಾಧನೆಯಲ್ಲಿ ಓದುವ ರೂಢಿ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಬರಿಯ ಹೆಸರುಗಳ ಪಟ್ಟಿಯೆಂದು ಹಾರಿಸಿಬಿಡುತ್ತೇವೆ. ಹೌದು, ಇಪ್ಪತ್ತಕ್ಕೂ ಮೇಲ್ಪಟ್ಟ ಹೆಸರುಗಳು. ಅನೇಕರಿಗೂ ತನಗೂ ಆಸರೆಯಾದ ಕೆಂಖ್ರೆಯ ಫೊಯಿಬೆ, ತನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೊಡ್ಡಿದ ಪ್ರಿಸ್ಕ ಮತ್ತು ಅಕ್ವಿಲರೆಂಬ ಡೇರೆ ಹೊಲಿಯುವ ದಂಪತಿಗಳು, ದುಡಿದ ಮರಿಯಳು, ಸೆರೆಯಲ್ಲಿ ಜೊತೆಗಿದ್ದವರು, ತನಗೂ ತಾಯಿಯಂತಿದ್ದ ರೂಫನ ತಾಯಿ. ಈ ತಾಯಿಯ ಹೆಸರು ಮಾತ್ರ ಅಲ್ಲಿಲ್ಲ. ತಾಯಂದಿರನ್ನು ಮಗನ ಹೆಸರಿನಿಂದಲೇ ಕರೆಯುವುದು ಆ ಕಡೆಯ ವಾಡಿಕೆಯೂ ಆಗಿತ್ತೋ ಏನೋ! ದೇವರ ಕೃಪೆಯೊಂದರಿಂದಲೇ ಮನುಷ್ಯನಿಗೆ ರಕ್ಷಣೆಯೆಂದು ಹದಿನೈದು ಅಧ್ಯಾಯಗಳ ಉದ್ದಕ್ಕೂ ವಾದಿಸಿದವನು, ಹದಿನಾರನೆಯದರಲ್ಲಿ ತನ್ನನ್ನು ಉಳಿಸಿದ ಮನುಷ್ಯರನ್ನು ಒಬ್ಬೊಬ್ಬರಾಗಿ ಕರೆದು ನಮಸ್ಕರಿಸುತ್ತಾನೆ. ಕೃಪೆಯ ಸಿದ್ಧಾಂತಕ್ಕೆ ಅದರಿಂದ ಕುಂದುಂಟಾದೀತೆಂದು ಅವನಿಗೆ ಹೊಳೆದಂತೆ ಕಾಣುವುದಿಲ್ಲ. ಅಷ್ಟೇ ಅಲ್ಲ, ಹೇಳಿದುದನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯನೆಂಬ ಲಿಪಿಕಾರನು ನಡುವೆ ಒಂದು ವಾಕ್ಯದಲ್ಲಿ ತನ್ನ ಹೆಸರನ್ನೂ ಸೇರಿಸಿ ನಮಸ್ಕಾರ ಹೇಳಿದ್ದಾನೆ. ಪೌಲನು ಅದನ್ನು ಹೊಡೆದುಹಾಕಿಸಲಿಲ್ಲ.

ಗಂಗಾವತಿಯ ಕಡೆಯ ಸಭೆಗಳ ಹಿರಿಯರಿಗೆ ನನ್ನದೊಂದು ಸೂಚನೆಯುಂಟು. ಸುಗ್ಗಿಯ ಹಬ್ಬದ ದಿನ ದೇವಾಲಯದ ಪೀಠದ ಮುಂದೆ ಹೊಸ ನೆಲ್ಲಿನ ಚೀಲಗಳು, ಸಜ್ಜೆಯ ತೆನೆಗಳು, ಕುಂಬಳಕಾಯಿ, ಕೋಳಿ, ಮೊಟ್ಟೆಗಳು ಬಂದು ಸೇರುತ್ತವೆ; ಆರಾಧನೆ ಮುಗಿದೊಡನೆ ಅವುಗಳನ್ನು ಸವಾಲು ಹಾಕಿ, ಒಂದು ಮೊಟ್ಟೆಯನ್ನು ಬೆಲೆ ಏರಿಸಿ ಏರಿಸಿ ಕೊಂಡು ಸಂತೋಷಪಡುತ್ತೇವೆ. ಈ ವರ್ಷ, ಸವಾಲಿಗೆ ಮೊದಲು, ಜಲಾಶಯದ ನೀರಿನಲ್ಲಿ ಮುಳುಗಿದ ಆ ತೊಂಬತ್ತು ಊರುಗಳ ಹೆಸರುಗಳನ್ನು ಯಾರಾದರೊಬ್ಬ ಗಟ್ಟಿ ಗಂಟಲಿನ ಹುಡುಗನಿಂದ ಓದಿಸಬಹುದು. ಪಟ್ಟಿ ಬೇಕಾದರೆ ಅಣೆಕಟ್ಟಿನ ಕಚೇರಿಯಲ್ಲಿ ವಿಚಾರಿಸಬಹುದು. ಅದಕ್ಕಿಂತಲೂ, ಎದ್ದುಬಂದ ಊರುಗಳ ಮುದುಕರನ್ನು ಕಂಡು ಕೇಳಿ ಬರೆದುಕೊಳ್ಳುವುದು ಮೇಲು, ಏಕೆಂದರೆ ಹಾಗೆ ಹೋಗಿ ಬರುವುದರಲ್ಲಿಯೇ ಅರ್ಧ ಕೆಲಸವಾದಂತಾಗುತ್ತದೆ. ಆರಾಧನೆ ಉದ್ದವಾಯಿತೆಂದು ಗೊಣಗುವವರಿರುತ್ತಾರೆ. ಪ್ರಕಟಣೆಗಳಿಗೆ ನಾವು ತೆಗೆದುಕೊಳ್ಳುವ ಸಮಯದಲ್ಲಿ ಇದು ಕಾಲುಪಾಲೂ ಆಗದು. ಆ ಊರುಗಳಿಂದ ಎದ್ದುಬಂದವರ ಮೊಮ್ಮಕ್ಕಳು ಸಮೀಪದಲ್ಲಿ ಎಲ್ಲಿಯಾದರೂ ಇದ್ದರೆ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂಡಿಸಿ, ಒಂದು ಚೀಲ ಹೊಸ ಅಕ್ಕಿಯನ್ನು ಸವಾಲಿಗೆ ಹಾಕದೆ ಅವರ ಮನೆಗೆ ಮುಟ್ಟಿಸಬಹುದು. ಅವರು ಯಾವ ದೇವರಿಗೆ ಕೈಮುಗಿಯುತ್ತಾರೆಂಬುದನ್ನು ಕೇಳಬೇಕಾದ ಅಗತ್ಯವಿಲ್ಲ.